ಹಲ್ಲು ಕಿಸಿದ ಸೇನಾಪತಿ

ಗೌರಾಬಾಯಿಗೆ ಯಾರೂ ಸರಿ ಕಂಡದ್ದಿಲ್ಲ. ಬತ್ತಿ ಕೊಳ್ಳುವ ಅಂಗಡಿಯವನು ಜಿಪುಣ, ಕೆಳಗಿನ ಮನೆಯವಳು ಬಾಯಿಬಡುಕಿ, ಭಜನಾ ಮಂಡಳಿಯ ಅಧ್ಯಕ್ಷೆಗೆ ತಾಳದ ಗಂಧವಿಲ್ಲ. ದೇವರೊಬ್ಬನಲ್ಲಿ ಮಾತ್ರ ಆಕೆ ಈವರೆಗೆ ಹುಳುಕು ಹುಡುಕಿರಲಿಲ್ಲ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಅಲ್ಲಿನ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಆತ ತೀರಿಕೊಂಡ ಮೇಲೆ ಹಡಪಸರದ ಸಣ್ಣ ಮನೆಯಲ್ಲಿ ಕೂತು ಹೂಬತ್ತಿ ಹೊಸೆದು, ಗೆಜ್ಜೆವಸ್ತ್ರ ಮಾಡಿ, ಮಗ ಪ್ರಣವನನ್ನು ಬೆಳೆಸಿದಳು.

ಪ್ರಣವ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಬರಬರುತ್ತ ಅವನಿಗೆ ಕೆಮ್ಮು ಹತ್ತಿತು. ಆ ಕೆಲಸ ಬಿಡದ ಹೊರತು ಕೆಮ್ಮು ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಬಿಟ್ಟು ಮಾಡುವುದೇನು ಎಂದು ಯೋಚಿಸುತ್ತಿದ್ದಾಗಲೇ ಅವನಿಗೆ ಗೊಂಬೆಗಳ ವಿಷಯ ತಿಳಿಯಿತು. ದುಡ್ಡಿದ್ದವರು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಮೇಜಿನ ಮೇಲೆ ಹರಡಿ, ದಾಳ ಉರುಳಿಸಿ ಯುದ್ಧ ಆಡುತ್ತಾರೆ. ಸೈನಿಕರು ಬರುವುದು ತುಂಡುತುಂಡಾಗಿ. ಕೈ, ಕಾಲು, ತಲೆ ಎಲ್ಲ ಬೇರೆ ಬೇರೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಚೆಂದದ ಭಂಗಿಯಲ್ಲಿ ನಿಲ್ಲಿಸಿಕೊಡುವವರಿಗೆ ಕೂಲಿ ಸಿಗುತ್ತದೆ. ಪ್ರಣವ ಕೆಲಸ ಹಿಡಿದುಕೊಂಡು ಬಂದನೇನೋ ಸರಿ, ಅವನ ದಪ್ಪ ಬೆರಳಿಗೆ ಅಂಟು ಹತ್ತಿತೇ ಹೊರತು ಗೊಂಬೆಗೆ ಹತ್ತಲಿಲ್ಲ. ಕಡೆಗೆ ಗೌರಾಬಾಯಿ ಬತ್ತಿಯ ಬುಟ್ಟಿ ಸರಿಸಿ ಕೂತಳು.

"ಮೀಸಿ ಬಂದ ಗಂಡಸರು ಗೊಂಬಿ ಆಡ್ತಾರ. ಅದನ್ನ ಜೋಡಸ್ಲಿಕ್ಕೂ ಆಳು ಬೇಕು. ನಾಳೆ ತುತ್ತು ಮಾಡಿ ಉಣಸ್ಲಿಕ್ಕೂ ಕರೀತಾರ, ನೋಡ್ತಿರು."

ಹೀಗೆ ಬಯ್ಯುತ್ತಲೇ ಆಕೆ ಕೈ ಪಳಗಿಸಿಕೊಂಡಳು.

ದೊಡ್ಡ ಗಿರಾಕಿ ಎಂದು ಬಂದವನು ಮಂದಾರ. ಬೆಳಗಾವಿ ಕಡೆಯವನು, ಕ್ಯಾಂಪಿನಲ್ಲಿ ಚಪ್ಪಲಿ ಅಂಗಡಿ. ಮಾದರಿಗೆ ಒಬ್ಬ ಸೇನಾಪತಿಯನ್ನು ಮಾಡಿಸಲು ಕೊಟ್ಟ. ವೈರಿಯ ಎದೆಯ ಮೇಲೆ ಕಾಲಿಟ್ಟು ಕತ್ತಿ ಎತ್ತಿರಬೇಕು. ಮನಸ್ಸಿಗೆ ಬಂದರೆ ತನ್ನ ಪೂರ್ತಿ ಸೈನ್ಯ, ಗೆಳೆಯರ ಸೈನ್ಯ, ಎಲ್ಲವೂ ನಿಮಗೇ ಎಂದ. ಅಷ್ಟು ಕೆಲಸ ಸಿಕ್ಕರೆ ಪ್ರಣವ ಕುರಕುಂಭಕ್ಕೆ ಹೋಗುವುದು ನಿಲ್ಲುತ್ತಿತ್ತು. ಗೌರಾಬಾಯಿ ದೇವರಿಗೆ ತುಪ್ಪದ ದೀಪ ಹಚ್ಚಿ, "ಆ ದಡ್ಡ ಗಿರಾಕಿಗೆ ಒಂದೀಟು ಬುದ್ಧಿ ಕೊಡಪಾ" ಎಂದು ಬೇಡಿಕೊಂಡಳು.

ಸೇನಾಪತಿಗೆ ಎರಡು ತಲೆ ಕೊಟ್ಟಿದ್ದರು, ಬೇಕಾದದ್ದನ್ನು ಅಂಟಿಸಬಹುದು. ಒಂದು ಹಲ್ಲು ಕಿಸಿದು ಒದರುವ ತಲೆ, ಇನ್ನೊಂದು ಬಾಯಿ ಮುಚ್ಚಿದ್ದು. ಗೌರಾಬಾಯಿ ಬಾಯಿ ಮುಚ್ಚಿದ್ದನ್ನೇ ಅಂಟಿಸಿದಳು.

"ಅವ್ವಾ, ಎದಿ ಮ್ಯಾಲೆ ಕಾಲಿಟ್ಟಾಂವ ಒದರಬೇಕಲ್ಲ" ಎಂದ ಪ್ರಣವ.

"ದೇವಿ ಮಹಿಷನ ಮ್ಯಾಲೆ ಕಾಲಿಟ್ಟಾಳ. ಆಕಿ ಮುಖಾ ನೋಡೀಯೇನು? ಎಷ್ಟು ಶಾಂತ ಅದ. ಕೊಲ್ಲಾವರು ಒದರೂದಿಲ್ಲೋ. ಕೈಲಾಗದವರು ಒದರ್ತಾರ."

ಭಾನುವಾರ ಮಂದಾರ ಬಂದ. ಚಹಾ ಹೀರುತ್ತ ಗೊಂಬೆಯನ್ನು ಅಂಗೈ ಮೇಲಿಟ್ಟು ತಿರುಗಿಸಿದ.

"ಹೇ ಕಾಯ್, ಇದೇನ್ರಿ ಕಾಕೂ? ಇಂವಾ ಸೇನಾಪತಿನೋ ಗುಮಾಸ್ತನೋ? ಅರ್ಜಿ ತುಂಬ್ಲಿಕ್ಕೆ ಪಾಳಿ ಹಚ್ಚಿದಾಂಗ ನಿಂತಾನ."

ಗುಮಾಸ್ತ ಎಂಬ ಮಾತಿಗೆ ಗೌರಾಬಾಯಿಯ ಕಿವಿ ಬಿಸಿಯಾಯಿತು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಗಿರಾಕಿಗೆ ಕೇಳಬಾರದೆಂದು ಪ್ರಣವ ಟವೆಲ್ಲಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದ. ಆಕೆ ಉತ್ತರವನ್ನು ನುಂಗಿಕೊಂಡಳು.

"ತಪ್ಪಾತ್ರಿ. ನನಗೆಲ್ಲಿ ಯುದ್ಧ ತಿಳೀಬೇಕು? ಸೇನಾಪತಿ ಹೆಂಗ ನಿಲ್ತಾನ, ನೀವ ಸ್ವಲ್ಪ ನಿಂತು ತೋರಸ್ರಲ್ಲ."

ಮಂದಾರನಿಗೆ ಅಷ್ಟೇ ಬೇಕಾಗಿತ್ತು. ಎದ್ದವನೇ ಮೂಲೆಯಲ್ಲಿದ್ದ ಕೊಡೆ ಹಿರಿದ, ಸ್ಟೂಲಿನ ಮೇಲೆ ಒಂದು ಕಾಲಿಟ್ಟ, ಹೊಟ್ಟೆ ಮುಂದೆ ಮಾಡಿ "ಹೋ!" ಎಂದು ಅಬ್ಬರಿಸಿದ.

"ಕಾಯ್ ಝಾಲಂ ಹೋ?" ಏನಾಯಿತೆಂದು ಕೆಳಗಿನ ಮನೆಯವಳು ಮರಾಠಿಯಲ್ಲಿ ಕೂಗಿ ಕೇಳಿದಳು.

"ಹಂಗ ಇರ್ರಿ, ಅಲಗಾಡಬ್ಯಾಡ್ರಿ" ಎಂದ ಗೌರಾಬಾಯಿ ಶಾಂತ ಮುಖದ ತಲೆಯನ್ನು ಲಟಕ್ಕನೆ ಮುರಿದು ತೆಗೆದಳು. ಒದರುವ ತಲೆಗೆ ಅಂಟು ಹಚ್ಚಿ ಕೂಡಿಸಿದಳು. ಮಂದಾರನನ್ನು ನೋಡುವಳು, ಗೊಂಬೆಯ ಗದ್ದವನ್ನು ಕೂದಲೆಳೆಯಷ್ಟು ಎತ್ತುವಳು. "ಇನ್ನೊಂದೀಟು ಬಾಯಿ ತಗೀರಿ. ಹಾಂ. ಅಂಟು ಆರೋತನಕ ಹಂಗ." ಅವನ ಕೈ ನಡುಗತೊಡಗಿತು, ಕುತ್ತಿಗೆಯ ನರ ಉಬ್ಬಿತು. ಎಲೆ ಅಡಿಕೆ ತಿಂದು ಕೆಂಪಾದ ಹಲ್ಲು, ಅದರಾಚೆ ತೂಗಾಡುವ ಕಿರುನಾಲಿಗೆ, ಎಲ್ಲವನ್ನೂ ಆಕೆ ಸಾವಕಾಶವಾಗಿ ನೋಡಿದಳು. ಹಾಳು ಬಾವಿಯಲ್ಲಿ ಇಣುಕಿದಂತಾಯಿತು. ಇಂಥವನ ಕೈಯಲ್ಲಿ ತನ್ನ ಮಗನ ಉಸಿರು!

ಕೊನೆಗೆ ಕೊಡೆ ಇಳಿಸಿ, ಬೆವರು ಒರೆಸಿಕೊಂಡು ಮಂದಾರ ಗೊಂಬೆಯನ್ನು ನೋಡಿದ. "ಅಗದೀ ಬರೋಬ್ಬರ್! ಇದಕ್ಕ ಜೀವ ಅಂತಾರ, ಕಾಕೂ. ಸಗಳೇ ಸೈನ್ಯ, ಅಷ್ಟೂ ಮಂದಿ ಹಿಂಗ ಆಗಬೇಕು, ಒಬ್ಬನೂ ಬಾಯಿ ಮುಚ್ಚಬಾರದು." ಮುಂಗಡ ಕೊಟ್ಟು, ಕೆಳಗೆ ಕಾರಿನಲ್ಲಿದ್ದ ಸೈನಿಕರ ಪೆಟ್ಟಿಗೆಗಳನ್ನು ತಾನೇ ಹೊತ್ತು ತಂದಿಟ್ಟು ಹೋದ.

"ಅವ್ವಾ, ಭಾಳ ಸಿಟ್ಟು ಬಂತೇನು?" ಎಂದ ಪ್ರಣವ.

"ಸಿಟ್ಟ? ನಮಗ ಸಿಟ್ಟು ಬರಬೇಕಂದ್ರ ಎದುರಿನಾಂವಗೂ ಒಂದು ಯೋಗ್ಯತಿ ಇರಬೇಕೋ."

ಪ್ರಣವ ನಕ್ಕ. ನಗು ಕೆಮ್ಮಾಗಿ ತಿರುಗಿತು. ಅದು ನಿಲ್ಲುವವರೆಗೆ ಕಾದು, ನೀರು ಕುಡಿಸಿ, ಆಕೆ ಅವನ ಕೈಗೆ ಫೋನು ಕೊಟ್ಟಳು.

"ಕುರಕುಂಭಕ್ಕ ಹಚ್ಚು. ಇನ್ನ ಬರೂದಿಲ್ಲಂತ ಹೇಳು."

"ನಾಳೆ ಹೇಳ್ತೀನಿ, ಅವ್ವಾ."

"ನಾಳೆ ಆ ಮಂಗ್ಯಾಗ ಮತ್ತೇನರೆ ಹೊಳೀತಂದ್ರ ನೀನೂ ಮನಸ್ಸು ಬದಲಸ್ತಿ. ಈಗ ಹಚ್ಚು."

ಪ್ರಣವ ಫೋನು ಹಚ್ಚಿದ. ಅವನು ಮರಾಠಿಯಲ್ಲಿ ತಡವರಿಸುತ್ತ, ಕ್ಷಮೆ ಕೇಳುತ್ತ, ಹೇಳಬೇಕಾದದ್ದನ್ನು ಹೇಳಿ ಮುಗಿಸುವವರೆಗೂ ಗೌರಾಬಾಯಿ ಅವನೆದುರಿನಿಂದ ಕದಲಲಿಲ್ಲ.