ಒಂದೇ ಛತ್ರಿಯ ಇಬ್ಬರು

ನಮ್ಮ ಡ್ರಾಯಿಂಗ್ ಮಾಸ್ತರರು ರಸ್ತೆಯಲ್ಲಿ ಬಿದ್ದಿದ್ದ ಟೇಲರನ ಜೀವ ಉಳಿಸಿದರು, ಆಮೇಲೆ ಆ ಪುಣ್ಯದ ಕೆಲಸವನ್ನೇ ಚಿತ್ರವಾಗಿ ಬರೆದರು ಎಂದು ಯಾದಗಿರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಪೂರ್ತಿ ನಂಬುವುದಿಲ್ಲ. ಹಾಗೆ ಹೇಳುವವರೆಲ್ಲ ಮಾಸ್ತರರನ್ನು ನೋಡಿದ್ದಾರೆ, ಚಿತ್ರವನ್ನು ನೋಡಿಲ್ಲ.

ಹೋದ ವಾರ ಆ ಚಿತ್ರ ಸ್ಟೇಷನ್ ರಸ್ತೆಯ ಕಟ್ಟು ಹಾಕುವ ಅಂಗಡಿಗೆ ಬಂದಿತ್ತು. ಮಿಶನ್ ಆಸ್ಪತ್ರೆಯ ಗೋಡೆಯ ತೇವಕ್ಕೆ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಅಂಗಡಿಯವನು ಗಾಜು ತೆಗೆದ ಕೂಡಲೇ ನೀರುಬಣ್ಣಕ್ಕೆ ಕಲೆಸುವ ಜಾಲಿ ಅಂಟಿನ ವಾಸನೆ ಮೂಗಿಗೆ ಬಡಿಯಿತು... ಮಾಸ್ತರರ ಬೆರಳುಗಳ ವಾಸನೆ. ನಮ್ಮ ಹಾಳೆ ತಿದ್ದಲು ಬಗ್ಗಿದಾಗ ಬರುತ್ತಿದ್ದದ್ದು ಇದೇ.

ಅವರದು ಸುರಪುರದಲ್ಲಿ ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನ. ಇವರು ಮಾತ್ರ ಹೈದರಾಬಾದಿಗೆ ಹೋಗಿ ನೀರುಬಣ್ಣ ಕಲಿತು, ಗೆರೆ ಎಳೆಯುವುದನ್ನೇ ಬಿಟ್ಟು ಬಂದರು. ಹಸಿ ಕಾಗದದ ಮೇಲೆ ಬಣ್ಣ ಬಿಟ್ಟು, ಅದು ಹರಿದಲ್ಲಿಗೆ ತಾವೂ ಹೋಗುತ್ತಿದ್ದರು. ಊರವರು ‘ಮಾಡರ್ನ್’ ಎಂದು ನಕ್ಕರು. ನಿಜಾಮರ ಆಡಳಿತ ಮುಗಿದು, ನಮ್ಮ ಶಾಲೆ ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ ಅದು. ಚರ್ಚಾ ಸ್ಪರ್ಧೆಗೆ ನಿಲ್ಲುತ್ತಿದ್ದ ನನ್ನನ್ನು ಅವರು ‘ವಕೀಲಪ್ಪ’ ಎಂದೇ ಕರೆಯುತ್ತಿದ್ದರು.

ಒಮ್ಮೆ ಕ್ಲಾಸಿನಲ್ಲಿ ಹೇಳಿದರು: “ನಮ್ಮಜ್ಜ ಒಂದಽ ಚಿತ್ರದಾಗ ರಾಜಾ ಬ್ಯಾಟಿಗೆ ಹೋಗೂದೂ ಬರೀತಿದ್ದ, ತಿರುಗಿ ಬರೂದೂ ಬರೀತಿದ್ದ. ರಾಜಾ ಒಬ್ಬಾವಽ. ಅಂಗಿ ನೋಡಿ ಗುರ್ತು ಹಿಡೀಬೇಕು.”

“ಹಂಗಾದ್ರ ರಾಜಾನ ಅವ್ವಗ ಅವಳಿ ಹುಟ್ಯಾವ ಅಂತ ಮಂದಿ ತಿಳಿಯಂಗಿಲ್ಲೇನ್ರಿ ಸರ್?”

“ಕುರುಡರು ತಿಳೀತಾರ. ನೀ ಕಣ್ಣಿದ್ದಾವ ಅದೀಯಲ್ಲ, ವಕೀಲಪ್ಪ?”

ಆಡಳಿತ ಬದಲಾದ ಆ ಗದ್ದಲದ ದಿನಗಳಲ್ಲಿ ಶಹಾಪುರದ ಮುಸಲ್ಮಾನ ಟೇಲರ್ ಒಬ್ಬನನ್ನೂ ಅವನ ತಮ್ಮನನ್ನೂ ಯಾದಗಿರಿ ರಸ್ತೆಯಲ್ಲಿ ಹೊಡೆದು ಕೆಡವಿದ್ದರು. ಹೊಡೆದವರು ಯಾರೆಂದು ಊರು ಇವತ್ತಿಗೂ ಬಾಯಿ ಬಿಡುವುದಿಲ್ಲ. ಮಾಸ್ತರರು ಇಬ್ಬರನ್ನೂ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಮಿಶನ್ ಆಸ್ಪತ್ರೆಯ ಗೇಟಿಗೆ ಬಂದರು. ಅಣ್ಣ ಬದುಕಿದ. ತಮ್ಮ ಬರುವಷ್ಟರಲ್ಲಿ ಹೋಗಿದ್ದ.

ಮುಂದೆ ಅಲ್ಲಿಯ ಡಾಕ್ಟರಮ್ಮನೇ ಕೇಳಿ ಬರೆಸಿದ ಚಿತ್ರ ಇದು. ಬೈಬಲಿನ ಕತೆ: ಕಳ್ಳರು ಬಡಿದು ದಾರಿಯಲ್ಲಿ ಕೆಡವಿದವನನ್ನು ಇಬ್ಬರು ದೊಡ್ಡ ಮನುಷ್ಯರು ನೋಡಿಯೂ ದಾಟಿ ಹೋಗುತ್ತಾರೆ, ಎಲ್ಲರೂ ಕೀಳೆಂದು ಕಾಣುವ ಸಮಾರ್ಯದವನೊಬ್ಬ ಬಂದು ಎತ್ತುತ್ತಾನೆ. ಚಿತ್ರ ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು.

“ದಾಟಿ ಹೋದವರು ಇಬ್ಬರು, ಮಾಸ್ತರ್. ನೀವು ಒಬ್ಬನನ್ನೇ ಬರೆದಿದ್ದೀರಿ.”

“ನನಗ ಗೊತ್ತಿದ್ದಾವ ಒಬ್ಬಾವಽ ರೀ.”

ಗೋಡೆಗೆ ತೂಗುಹಾಕಿದ ದಿನ ನಮ್ಮ ಹೆಡ್‌ಮಾಸ್ತರರು ಭಾಷಣ ಮಾಡಿ, ಚಿತ್ರದ ಪುಣ್ಯವಂತ ಇಲ್ಲೇ ಕೂತಿದ್ದಾನೆಂದು ಹಾರ ಎತ್ತಿದರು. ಮಾಸ್ತರರು ಎದ್ದು ನಿಂತರು. “ನಾ ಪುಣ್ಯವಂತ ಅಲ್ರಿ. ಹಾರ ಬ್ಯಾಡ್ರಿ.” ನಮ್ಮ ಕಡೆ ಹಾರ ಹಾಕಿಸಿಕೊಳ್ಳುವವನು ಬೇಡ ಎನ್ನಲೇಬೇಕು, ಅನ್ನದಿದ್ದರೆ ಆಸೆಬುರುಕ ಎನ್ನುತ್ತಾರೆ. ಅಂದಷ್ಟೂ ಒತ್ತಾಯ ಜಾಸ್ತಿ. “ದೊಡ್ಡವ್ರು ಹಿಂಗಽ ಅಂತಾರ್ರಿ!” ಎಂದು ಹೆಡ್‌ಮಾಸ್ತರರು ಕೊರಳಿಗೆ ಹಾಕಿಯೇ ಬಿಟ್ಟರು. “ಖರೇನ ಹೇಳಾಕತ್ತೇನ್ರಿ, ನಾ ಅಲ್ಲ...” ಎಂದರು ಮಾಸ್ತರರು. ಚಪ್ಪಾಳೆ ಇನ್ನೂ ಜೋರಾಯಿತು. ಅವರ ಮುಖ ಆಗ ಹೇಗಿತ್ತೆಂದರೆ... ಸಾಕ್ಷಿ ಹೇಳಲು ಬಂದವನನ್ನು ಮದುವೆ ಊಟಕ್ಕೆ ಕೂಡಿಸಿದ ಹಾಗಿತ್ತು.

ಗಾಜಿಲ್ಲದೆ ಆ ಚಿತ್ರ ನೋಡಿದ್ದು ನಾನು ಹೋದ ವಾರವೇ. ಯಾರಿಗೂ ಮುಖವಿಲ್ಲ, ಬರೀ ಬಣ್ಣ. ಎಡಕ್ಕೆ ಬೆನ್ನು ತೋರಿಸಿ ಹೋಗುತ್ತಿರುವ ಒಬ್ಬ. ಕಂಕುಳಲ್ಲಿ ಛತ್ರಿ, ಮಾಸ್ತರರು ಶಾಲೆಗೆ ಹಾಕಿಕೊಂಡು ಬರುತ್ತಿದ್ದಂಥ ಕಂದು ಕೋಟು. ಅವನ ಹಿಂದೆ ಬೇವಿನ ಕೆಳಗೆ ಬಿದ್ದವರು, ಬೈಬಲಿನ ಹಾಗೆ ಒಬ್ಬನಲ್ಲ, ಇಬ್ಬರು. ಇಬ್ಬರಿಗೂ ಬಣ್ಣ ತಾಗಿಸದೆ ಕಾಗದದ ಬಿಳಿಯನ್ನೇ ಬಿಟ್ಟಿದ್ದಾರೆ. ಬಲಕ್ಕೆ ಅದೇ ಬೇವು, ಬಗ್ಗಿ ಎತ್ತುತ್ತಿರುವವನು. ಅದೇ ಛತ್ರಿ, ಅದೇ ಕಂದು ಕೋಟು. ಅವನ ತೋಳಿನಲ್ಲಿದ್ದವನು ಬಿಳಿ. ನೆಲದ ಮೇಲಿದ್ದವನಿಗೆ ಮಾತ್ರ ಈಗ ತೆಳುವಾಗಿ ಬೂದಿ ಬಣ್ಣ ಎಳೆದಿದ್ದಾರೆ.

ಅಜ್ಜನ ರಾಜನ ಹಾಗೆ, ಇವನೂ ಒಬ್ಬನೇ. ಹೋದವನೂ ಅವನೇ, ತಿರುಗಿ ಬಂದವನೂ ಅವನೇ.

ಎದುರು ಪಕ್ಷದ ವಾದವನ್ನೂ ನಾನೇ ಹೂಡಿದೆ. ಮೊದಲ ಸಲ ಗಾಡಿ ತರಲು ಹೋಗಿರಬಹುದಲ್ಲ? ಇರಬಹುದು. ಹಾಗಿದ್ದರೆ ತುಂಬಿದ ಸಭೆಯಲ್ಲಿ ನಾನಲ್ಲ, ನಾನಲ್ಲ ಎಂದದ್ದೇಕೆ? ಟೇಲರ್ ಚಾಚಾ ಪ್ರತಿ ಈದಿಗೂ ಹೊಲಿದು ಕಳಿಸುತ್ತಿದ್ದ ಜುಬ್ಬಾಗಳಲ್ಲಿ ಒಂದನ್ನೂ ಮೈಗೆ ಹಾಕದೆ ಇದ್ದದ್ದೇಕೆ? ಹೆದರಿದ್ದರೇ? ಹೆದರಿದ್ದರೆ ನಾನೇನೂ ಆಶ್ಚರ್ಯಪಡುವುದಿಲ್ಲ. ಆ ದಿನಗಳಲ್ಲಿ ಹೆದರದವರು ಯಾರು... ಆದರೆ ದಾಟಿ ಹೋದದ್ದಕ್ಕೂ ತಿರುಗಿ ಬಂದದ್ದಕ್ಕೂ ನಡುವೆ ಎಷ್ಟು ಹೊತ್ತು ಸಂದಿತ್ತು?

ಮಾಸ್ತರರನ್ನೇ ಕೇಳಬಹುದಿತ್ತು. ಅವರು ಹೋಗಿ ಆರು ತಿಂಗಳಾಯಿತು. ನನ್ನ ಜೊತೆ ವಾದಕ್ಕೆ ಕೂತು, ಸೋತಾಗಲೂ ನಗುತ್ತಿದ್ದ ಹಿರಿಯರು ನನಗೆ ಮತ್ತೆ ಯಾರೂ ಸಿಕ್ಕಿಲ್ಲ. ಉಳಿದವರು ಚಾಚಾ ಒಬ್ಬರೇ. ನಿನ್ನೆ ಶಹಾಪುರದ ಅವರ ಅಂಗಡಿಗೆ ಹೋದೆ.

“ಬಾ ಬೇಟಾ, ಕುಂದ್ರು. ಮಾಸ್ತರ್ ಸಾಬ್ ಹೋಗ್ಯಾರ. ಈ ಸಲ ಈದಿಗೆ ಯಾರ ಅಳತಿಗೆ ಕತ್ರಿ ಹಾಕ್ಲಿ, ನೀನಽ ಹೇಳು.” ಅರ್ಧ ಹೊಲಿದ ತೋಳೊಂದು ಮೆಷಿನ್ನಿನಲ್ಲಿತ್ತು. ಚಿತ್ರದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವರ ಕಾಲು ಮೆಷಿನ್ನಿನ ಪೆಡಲ್ ಮೇಲೆ ಹಾಗೆಯೇ ನಿಂತಿತು. ಕಡೆಗೊಂದು ಮಾತು ಕೇಳಿದೆ. ಅವರು ಆ ಅರ್ಧ ತೋಳನ್ನು ಮೆಷಿನ್ನಿನಿಂದ ಬಿಡಿಸಿ ಮಡಿಚತೊಡಗಿದರು. ನಾನು ಕೇಳಿದ್ದು ಇಷ್ಟೇ:

“ಚಾಚಾ, ಮಾಸ್ತರರು ಮೊದಲನೇ ಸಲ ದಾಟಿ ಹೋಗೂದು ನೀವು ನೋಡೀರಿ. ಆಗ ನಿಮ್ಮ ತಮ್ಮಗ ಇನ್ನಾ ಜೀವ ಇತ್ತೇನ್ರಿ?”