ಟೇಲರಣ್ಣ ಗೋಡೆಯಾಚೆ ನಿಂತ ಪಂದ್ಯ

ಮುಂದಿನ ವಾರ ನಾನೀಗ ಕೋಚ್ ಆಗಿರುವ ಕಾಲೇಜಿನ ಫುಟ್‌ಬಾಲ್ ಸೀಸನ್ ಶುರು. ಹತ್ತು ದಿನದ ಹಿಂದೆ ಮಡಕಶಿರದ ಬಸ್ ಸ್ಟ್ಯಾಂಡಿನಿಂದ ಹುಡುಗರ ಹೊಸ ಚಡ್ಡಿ, ಜೆರ್ಸಿಗಳ ಮೂಟೆ ತಂದು ಬಿಚ್ಚಿದೆ. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ರಾಯದುರ್ಗದ ಟೇಲರಣ್ಣನ ಮೈಯೆಲ್ಲ ಇದೇ ವಾಸನೆ... ಚಡ್ಡಿ ಕೈಯಲ್ಲಿ ಹಿಡಿದುಕೊಂಡೇ ಕುಳಿತುಬಿಟ್ಟೆ.

ನಾನು ರಾಯದುರ್ಗದಲ್ಲಿ ಡಿಗ್ರಿ ಓದುವಾಗ ನಮಗೆ ಆಟ ಕಲಿಸಿದವನು ಅವನೇ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕೆಲಸ. ಹರೆಯದಲ್ಲಿ ಬಳ್ಳಾರಿಯಲ್ಲಿ ಆಡಿದ್ದನಂತೆ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು, ಎಂಟಕ್ಕೆ ಮಷಿನ್ನಿಗೆ ಓಡುತ್ತಿದ್ದ. ಕತ್ತರಿಸಿ ಉಳಿದ ಜೀನ್ಸ್ ಬಟ್ಟೆಯಲ್ಲೇ ನಮಗೆ ಚಡ್ಡಿ ಹೊಲಿದುಕೊಟ್ಟಿದ್ದ. ಬೆವರಿಗೆ ನೆನೆದರೆ ಓಡುವುದಿರಲಿ, ನಡೆಯುವುದೇ ಕಷ್ಟ. ತೊಡೆಗೆಲ್ಲ ನೀಲಿ ಬಣ್ಣ. ಗೊಣಗಿದರೆ, "ಈ ಚಡ್ಡ್ಯಾಗ ಓಡಿದ್ರ, ನಾಳೆ ತೆಳ್ಳಂದು ಹಾಕ್ಕೊಂಡಾಗ ಹಾರ್ತೀರಲೇ" ಎಂದು ನಗುತ್ತಿದ್ದ.

ಕೊನೆಯ ವರ್ಷ ನಾನು ಕ್ಯಾಪ್ಟನ್. ಸೀಸನ್‌ಗೆ ಮುಂಚೆ ಪಂದ್ಯ ನಡೆಸುವವರಿಗೆ ಕಳಿಸುವ ತಂಡದ ಲಿಸ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಟಗಾರರ ಹೆಸರೆಲ್ಲ ಸರಾಗವಾಗಿ ಬರೆದೆ. ಕೋಚ್ ಎಂಬಲ್ಲಿ ಪೆನ್ನು ನಿಂತಿತು. ಬೇರೆ ಊರಿನ ಕಾಲೇಜುಗಳ ಮುಂದೆ, ಚಡ್ಡಿ ಹೊಲಿಯುವವನು ನಮ್ಮ ಕೋಚ್ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಮೈದಾನಕ್ಕೆ ಒಂದು ದಿನವೂ ಕಾಲಿಡದ ಲೆಕ್ಚರರ್ ಒಬ್ಬರ ಹೆಸರು ಬರೆದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿ.

ಪಂದ್ಯದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಲಿಸ್ಟ್‌ನಲ್ಲಿ ಹೆಸರಿಲ್ಲವೆಂದು ಗೇಟಿನಲ್ಲಿ ತಡೆದರು. ಅವನು ನನ್ನತ್ತ ನೋಡಿದ. ನಾನು ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲೇಸ್ ಬಿಚ್ಚಿ ಕಟ್ಟತೊಡಗಿದೆ. "ಇರ್ಲಿ ಬಿಡ್ರಿ, ಗ್ವಾಡಿ ಮ್ಯಾಲಿಂದ ಚಲೋ ಕಾಣ್ತೈತಿ" ಎಂದು ಗೇಟಿನವನಿಗೆ ಹೇಳಿ ಮೈದಾನದ ಗೋಡೆಯಾಚೆ ಹೋಗಿ ನಿಂತ.

ಅಂದು ಗೆದ್ದೆವು. ಮರುದಿನ ಬೆಳಿಗ್ಗೆ ಆರಕ್ಕೆ ಎಂದಿನಂತೆ ಮೈದಾನದಲ್ಲಿದ್ದ. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ, ನಾಲ್ಕು ಬೈದಿದ್ದರೆ... ಎಷ್ಟೋ ವರ್ಷ ಅದೇ ಯೋಚನೆ. ಆದರೂ ಹೋಗಿ ಕಾಣಲಿಲ್ಲ.

ಮೂಟೆ ಬಿಚ್ಚಿದ ಮರುದಿನವೇ ರಾಯದುರ್ಗಕ್ಕೆ ಹೊರಟೆ. ಈ ಸೀಸನ್ ಶುರುವಾಗುವ ದಿನ ಅವನನ್ನು ನಮ್ಮ ಹುಡುಗರ ಮುಂದೆ ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದಿತ್ತು. ಅವನ ಮನೆಯ ಬಾಗಿಲು ತೆರೆದ ಮಗಳು, ಅಪ್ಪ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನಾನು ಯಾರೆಂದು ಹೇಳಿದೆ. ಅವಳ ಮುಖ ಅರಳಿತು.

"ನೀವೇ ಏನ್ರಿ ಆ ಕ್ಯಾಪ್ಟನ್! ‘ಲಿಸ್ಟ್‌ನಾಗ ಕೋಚ್ ಅಂತ ಕ್ಯಾಪ್ಟನ್ ನನ್ನ ಹೆಸ್ರೇ ಬರೆದಿದ್ದ’ ಅಂತ ಅಪ್ಪ ಬಂದೋರಿಗೆಲ್ಲ ಹೇಳ್ತಿದ್ದ. ಆ ಕಾಗದ ಸಿಗ್ತದೇನ್ರಿ ಅಣ್ಣ? ಫ್ರೇಮ್ ಹಾಕಿಸಿ ಅಪ್ಪನ ಫೋಟೋ ಪಕ್ಕ ಇಡ್ತೀನಿ."

ಅವನು ಮನೆಯವರೆದುರೂ ನನ್ನ ಮರ್ಯಾದೆ ಕಾಪಾಡಿ ಹೋಗಿದ್ದ.

"ಹುಡುಕ್ತೀನಮ್ಮ" ಎಂದು ಫೋನ್ ನಂಬರ್ ಕೊಟ್ಟು ಬಂದೆ.

ನಿನ್ನೆ ಅವಳ ಫೋನ್ ಎರಡು ಸಲ ಬಂತು. ನಾನು ಎತ್ತಲಿಲ್ಲ.