ಬುಟ್ಟಿಯಣ್ಣನ ಎರಡನೇ ಭಾಗ

ನಿನ್ನೆ ಮಧ್ಯಾಹ್ನ ನೀವಿಬ್ಬರೂ ಮಂಚದ ಮೇಲೆ ಒಂದೇ ಫೋನಿಗೆ ತಲೆ ಕೂಡಿಸಿಕೊಂಡು ಜಗಳವಾಡುತ್ತಿದ್ದಿರಿ. ಫೋನಿನೊಳಗೆ ಯಾರೋ ಎಗರಿ ಎಗರಿ ಬೀಳುತ್ತಿದ್ದ ಹಾಗೆ ಟೊಂಯ್ ಟೊಂಯ್ ಎಂದು ಸದ್ದು ಬರುತ್ತಿತ್ತು.

"ಈ ಗೇಮಿನ ಪಾರ್ಟ್ ಟೂ ವೇಸ್ಟ್ ಕಣೋ. ಬಣ್ಣ ಬದಲಾಯ್ಸಿದಾರೆ ಅಷ್ಟೆ, ಮಿಕ್ಕಿದ್ದೆಲ್ಲ ಅದೇ," ಎಂದಳು ಅನು.

"ಅದೇ ಆದ್ರೆ ನೀನ್ಯಾಕೆ ಮೊದಲ್ನೇ ಹಳ್ಳದಲ್ಲೇ ಬಿದ್ದೆ?" ಎಂದ ತೇಜು.

ಆಗ ಅನು ನನ್ನ ಕಡೆ ತಿರುಗಿ, "ಅಜ್ಜಿ, ನೀನೇ ಹೇಳು. ಎರಡ್ನೇ ಪಾರ್ಟ್ ಅಂದ್ರೆ ಹೆಂಗಿರ್ಬೇಕು?" ಎಂದಳು. ತಮಾಷೆಗೆ ಕೇಳಿದ್ದು ಎಂದು ನನಗೂ ಗೊತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಎಂದು ನಾನು ಎದ್ದು ಒಳಗೆ ಹೋದೆ. ಹೊತ್ತೇನೂ ಆಗಿರಲಿಲ್ಲ.

ಎದುರಿಗೆ ನಿಂತು ನಾಲ್ಕು ಮಾತು ಆಡುವುದು ಈ ವಯಸ್ಸಿನಲ್ಲೂ ನನಗೆ ಬರುವುದಿಲ್ಲ. ದಿಬ್ಬೂರಹಳ್ಳಿಯ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದರೆ ನಾನು ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಮೇಷ್ಟರೂ ಪಾಪ ಅದಕ್ಕೆ ಒಗ್ಗಿಕೊಂಡಿದ್ದರು. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ ಎಂದುಕೊಳ್ಳಿ. ಉತ್ತರ ಸರಿಯೋ ತಪ್ಪೋ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಪ್ರಶ್ನೆಯೇ ನನಗೆ ಪೂರ್ತಿ ಅರ್ಥವಾಗಿಲ್ಲ. ಆದರೆ ನಿಮ್ಮ ಅಮ್ಮನೂ ಒಮ್ಮೆ ಇದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಅತ್ತಿದ್ದಳು. ಅದು ನೆನಪಾಯಿತು.

ನಿಮ್ಮ ಅಮ್ಮ ಶೋಭ ಆಗ ಮಿಡ್ಲ್ ಸ್ಕೂಲು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿದ್ದಿರಬೇಕು. ನಿಮ್ಮ ತಾತ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ ಬರಲು ಹೋದವರು ಕಂಕುಳಲ್ಲಿ ಒಂದು ಡಬ್ಬ ಇಟ್ಟುಕೊಂಡು ಬಂದರು. ಸೀರೆಯ ಡಬ್ಬ ಇಷ್ಟು ದಪ್ಪ ಇರುವುದಿಲ್ಲವಲ್ಲ ಎಂದು ನಾನು ನೋಡುತ್ತಿದ್ದ ಹಾಗೆಯೇ ಅದರಿಂದ ಟಿ.ವಿ.ಗೆ ಸಿಕ್ಕಿಸಿ ಆಡುವ ಒಂದು ಯಂತ್ರ, ವೈರಿನ ಬಾಲವಿದ್ದ ಒಂದು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು ಹೊರಗೆ ಬಂದವು. "ಇದ್ಯಾರಿಗೆ?" ಎಂದೆ. "ಮಗೂಗೆ," ಎಂದರು. ಮಗು ಅದನ್ನು ಮುಟ್ಟಿದ್ದು ಮಾರನೆಯ ದಿನ. ಅವತ್ತೆಲ್ಲ ಅವರೇ ಕೂತಿದ್ದರು.

ಆ ಕ್ಯಾಸೆಟ್ಟಿನಲ್ಲಿ ಒಬ್ಬ ಪುಟ್ಟ ಮನುಷ್ಯ ಇದ್ದ. ತಲೆಯ ಮೇಲೆ ಅದೇನಿತ್ತೋ, ಟೋಪಿಯೋ ಕೂದಲೋ, ನಮಗೆ ಸೊಪ್ಪಿನ ಬುಟ್ಟಿಯ ಹಾಗೆ ಕಾಣುತ್ತಿತ್ತು. ಶೋಭ ಅವನಿಗೆ ಬುಟ್ಟಿಯಣ್ಣ ಎಂದು ಹೆಸರಿಟ್ಟಳು. ಅವನು ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತಿದ್ದ. ಹಳ್ಳ ಬಂದರೆ ಎಗರಬೇಕು, ಕಲ್ಲು ಬಂದರೆ ಹತ್ತಬೇಕು. ಕೊನೆಗೆ ಒಂದು ಬಾಗಿಲು ಬರುತ್ತಿತ್ತು. ಅದರೊಳಗೆ ಹೋದರೆ ಮುಗಿಯಿತು. ಒಳಗೆ ಏನಿದೆ ಎಂದು ತೋರಿಸುತ್ತಿರಲಿಲ್ಲ. ಮನೆಗೆ ಬಂದು ಸೇರಿದ, ಅಷ್ಟೇ ತಾನೇ ಬೇಕಾಗಿದ್ದು ಎಂದು ನಾನು ಅಂದುಕೊಂಡಿದ್ದೆ.

ನಮ್ಮ ಮನೆ ಈಗಿನ ಹಾಗೆಯೇ ಆಗಲೂ ಉದ್ದಕ್ಕೆ ಇತ್ತು. ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಹುಳಕ್ಕೆ. ನಡುವೆ ನೊಣ ಬಾರದ ಹಾಗೆ ಒಂದು ಬಲೆ ಪರದೆ. ಹುಳ ಮನೆಯಲ್ಲಿರುವಾಗ ನಿಮ್ಮ ತಾತನ ಕಾನೂನುಗಳು ಜಾಸ್ತಿ. ಕಾಲು ತೊಳೆಯದೆ ಒಳಗೆ ಹೆಜ್ಜೆ ಇಡುವ ಹಾಗಿಲ್ಲ, ಮೆಣಸಿನಕಾಯಿ ಒಗ್ಗರಣೆ ಹಾಕುವ ಹಾಗಿಲ್ಲ, ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಸದ್ದು ಮಾಡಿದರೆ ಹುಳ ಮೇವು ಬಿಡುತ್ತವೆ ಎಂದು ಅವರ ನಂಬಿಕೆ. ನಿಜವೋ ಸುಳ್ಳೋ, ಇಷ್ಟು ವರ್ಷ ಹುಳ ಸಾಕಿದರೂ ನನಗೆ ತಿಳಿದಿಲ್ಲ. ಹುಳವನ್ನು ಕೇಳಲು ಆಗುವುದಿಲ್ಲವಲ್ಲ. ಅಂತೂ ನಮ್ಮ ಮನೆಯ ಟಿ.ವಿ.ಗೆ ಬಾಯಿ ಇರಲಿಲ್ಲ. ಗೂಡಿನ ಒಂದು ಬೆಳೆ ಇಳಿದು ಇನ್ನೊಂದು ಬರುವ ನಡುವೆ ಮನೆಯೆಲ್ಲ ತೊಳೆಯಬೇಕಿತ್ತು. ಆಗ ಟಿ.ವಿ.ಯನ್ನೇ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರು. ಹೀಗಾಗಿ ಬುಟ್ಟಿಯಣ್ಣ ಮೂಗ ಎಂದೇ ನಾವು ಮೂವರೂ ತಿಳಿದಿದ್ದೆವು.

ನಿಮ್ಮ ತಾತ ಆಡುವುದನ್ನು ನೀವು ನೋಡಬೇಕಿತ್ತು. ಬುಟ್ಟಿಯಣ್ಣ ಎಗರುವಾಗ ಅವರೂ ಕೂತಲ್ಲೇ ಎಗರುತ್ತಿದ್ದರು. ಎಗರಪ್ಪಾ ಎಗರು ಎಂದು ಪಿಸುದನಿಯಲ್ಲಿ ಅವನಿಗೆ ತೆಲುಗಿನಲ್ಲಿ ಬುದ್ಧಿ ಹೇಳುತ್ತಿದ್ದರು. "ದೂಕ್ರಾ ನಾಯನಾ, ದೂಕ್ರಾ." ತೆಲುಗು ಯಾಕೆ ಎಂದು ಕೇಳಿದರೆ, "ಯಾವೂರೋನೋ ಏನೋ, ಕನ್ನಡ ಬರುತ್ತೋ ಇಲ್ವೋ," ಎನ್ನುತ್ತಿದ್ದರು. ಶೋಭ ಬಾಯಿಗೆ ಲಂಗ ಒತ್ತಿಕೊಂಡು ನಗುತ್ತಿದ್ದಳು, ಸದ್ದು ಮಾಡಬಾರದಲ್ಲ. ಕೊನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದ ಹುಳ ಪರದೆಯ ಆಚೆ ಸೊಪ್ಪು ಮೇಯುತ್ತಿರುತ್ತಿದ್ದವು, ಸಣ್ಣ ಮಳೆ ಸುರಿದ ಹಾಗೆ.

ಮುಂದಿನ ವರ್ಷ ನಿಮ್ಮ ತಾತ ತೀರಿಹೋದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಿಂದಿನ ಅರ್ಧ ಖಾಲಿ ಬಿತ್ತು. ತೋಟದ ಸೊಪ್ಪನ್ನು ಬೇರೆಯವರು ಕೊಯ್ದುಕೊಂಡು ಹೋಗುತ್ತಿದ್ದರು. ಶೋಭ ಆ ಯಂತ್ರವನ್ನು ಅದರ ಡಬ್ಬಕ್ಕೆ ಹಾಕಿ ಬೀರುವಿನ ಮೇಲಿಟ್ಟಳು. ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ನಾನು ಮೊದಲೇ ಮಾತಿಲ್ಲದವಳು, ಅವಳೂ ಹಾಗಾದರೆ ಮನೆಯಲ್ಲಿ ಮಾತಾಡುವವರು ಯಾರು?

ಯುಗಾದಿಗೆ ಮುಂಚೆ ನಿಮ್ಮ ಚಿಕ್ಕತಾತ, ಅಂದರೆ ಅವರ ತಮ್ಮ, ಚಿಂತಾಮಣಿಯಿಂದ ಬಂದರು. ಶೋಭಳ ಕೈಗೆ ಒಂದು ಕೆಂಪು ಕ್ಯಾಸೆಟ್ಟು ಕೊಟ್ಟರು. "ನಿಮ್ಮ ಬುಟ್ಟಿಯಣ್ಣಂದೇ ಕಣಮ್ಮ. ಸೆಕೆಂಡ್ ಪಾರ್ಟಂತೆ." ಆಮೇಲೆ ನನ್ನ ಕಡೆ ನೋಡದೆ, ಪರದೆಯ ಕಡೆ ನೋಡುತ್ತ ಹೇಳಿದರು. "ಅತ್ತಿಗೆ, ಹಿಂದ್ಗಡೆ ಸುಮ್ನೆ ಬಿದ್ದಿದೆ. ಟೊಮೇಟೊ ಮಂಡಿಯೋರು ಕ್ರೇಟ್ ಇಡಕ್ಕೆ ಜಾಗ ಕೇಳ್ತಿದಾರೆ. ಬಾಡಿಗೆ ಬರುತ್ತೆ. ಹುಳ ಒಬ್ರ ಕೈಲಿ ಆಗೋ ಕೆಲ್ಸ ಅಲ್ಲ. ಹಬ್ಬ ಕಳೀಲಿ, ಬಂದು ನಿಮ್ಮ ಮಾತು ತಗೊಂಡು ಹೋಗ್ತೀನಿ."

ಒಳ್ಳೆಯದಕ್ಕೇ ಹೇಳಿದ್ದರು. ನಾನು ತಲೆ ಆಡಿಸಿದೆ. ನಾನು ತಲೆ ಆಡಿಸಿದರೆ ಹೌದೋ ಅಲ್ಲವೋ ಎಂದು ನಿಮ್ಮ ತಾತನಿಗೆ ಮಾತ್ರ ತಿಳಿಯುತ್ತಿತ್ತು. ಅವತ್ತು ನನಗೂ ತಿಳಿಯಲಿಲ್ಲ. ಹುಳ ಸಾಕುವುದಾದರೆ ಹೇಗೆ, ಬಿಡುವುದಾದರೆ ನಾನು ಇನ್ನೇನು ಮಾಡುವವಳು?

ಸಂಜೆ ಶೋಭ ಡಬ್ಬ ಇಳಿಸಿದಳು. ಕೆಂಪು ಕ್ಯಾಸೆಟ್ಟನ್ನು ಊದಿ ಸಿಕ್ಕಿಸಿದಳು. ಮನೆಯಲ್ಲಿ ಹುಳ ಇಲ್ಲವಲ್ಲ, ಟಿ.ವಿ.ಯ ಸದ್ದು ತೆರೆದೇ ಇತ್ತು. ಬುಟ್ಟಿಯಣ್ಣ ಕಾಣಿಸಿಕೊಂಡ ಕೂಡಲೇ ಡಂಕಣಕ ಎಂದು ಹಾಡು ಶುರುವಾಯಿತು. ಇಬ್ಬರೂ ಬೆಚ್ಚಿದೆವು. ಎಗರಿದರೆ ಒಂದು ಸದ್ದು, ಬಿದ್ದರೆ ಇನ್ನೊಂದು. ಶೋಭ ಮೊದಲ ಹಳ್ಳದಲ್ಲೇ ಬಿದ್ದಳು. ಮತ್ತೆ ಬಿದ್ದಳು. ಹಳೆಯದನ್ನು ಕಣ್ಣು ಮುಚ್ಚಿ ದಾಟುತ್ತಿದ್ದ ಹುಡುಗಿ.

"ಚೆನ್ನಾಗಿಲ್ಲಮ್ಮ. ಹಾಡು ಗೀಡು ಹಾಕಿ ಕೆಡಿಸ್ಬಿಟ್ಟಿದಾರೆ."

"ಒಂದ್ಸಲ ಬಾಗಿಲು ಸೇರಿದ್ನಲ್ಲ, ಮತ್ಯಾಕೆ ಆಚೆ ಬಂದ?" ಎಂದು ನಾನು ಕೇಳಿದೆ. ನಿಜವಾಗಿಯೂ ನನಗೆ ಅರ್ಥವಾಗಿರಲಿಲ್ಲ.

"ಸೆಕೆಂಡ್ ಪಾರ್ಟ್ ಅಂದ್ರೆ ಹಂಗೇ. ಮತ್ತೆ ಹೊರಡ್ಬೇಕು. ಈ ಸಲ ಹಳ್ಳ ಅಗಲ. ಗಾಳೀಲಿರುವಾಗ್ಲೇ ಇನ್ನೊಂದ್ಸಲ ಎಗರ್ಬೇಕಂತೆ, ಚಿಕ್ಕಪ್ಪ ಹೇಳಿದ್ರು."

"ಗಾಳೀಲಿ ಕಾಲಿಡಕ್ಕೆ ಏನಿದೆ? ಯಾವುದರ ಮೇಲಿಂದ ಎಗರ್ತಾನೆ?"

"ನಂಗೇನ್ ಗೊತ್ತು," ಎಂದವಳೇ ಅಳತೊಡಗಿದಳು. ಅಪ್ಪ ಹೋದ ಮೇಲೆ ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ನಾನು ಹಳದಿ ಕ್ಯಾಸೆಟ್ಟನ್ನು ಎತ್ತಿ, ಸೆರಗಿನಲ್ಲಿ ಒರೆಸಿ, "ಹಳೇದೇ ಆಡು," ಎಂದು ಕೊಟ್ಟೆ.

ಹಳೆಯದೂ ಹಾಡುತ್ತಿತ್ತು. ಅದೇ ಹಾಡು.

ಶೋಭ ಅಳುವುದನ್ನು ನಿಲ್ಲಿಸಿದಳು. ಇಬ್ಬರೂ ಮುಖ ನೋಡಿಕೊಂಡೆವು. "ಇದು ಅಪ್ಪಂಗೂ ಗೊತ್ತಿರ್ಲಿಲ್ಲ," ಎಂದಳು. ಹಾಗಾದರೆ ಅವನು ಮೊದಲಿನಿಂದಲೂ ಹಾಡಿಕೊಂಡೇ ಓಡುತ್ತಿದ್ದ, ನಾವೇ ಬಾಯಿ ಮುಚ್ಚಿಸಿದ್ದೆವು. ಶೋಭ ಎದ್ದು ಸದ್ದು ಪೂರ್ತಿ ಇಳಿಸಿ, ಮತ್ತೆ ಕೆಂಪು ಕ್ಯಾಸೆಟ್ಟು ಹಾಕಿದಳು. ಸ್ವಲ್ಪ ಮುಂದೆ ಹೋದಳು. ರಿಮೋಟು ಕೆಳಗಿಟ್ಟಳು.

"ಈಗ ಸರಿ ಆಯ್ತಾ?" ಎಂದೆ.

"ಇಲ್ಲ. ಈಗ್ಲೂ ಏನೋ ಇಲ್ಲ." ರಿಮೋಟಿನ ವೈರು ಸುತ್ತುತ್ತ ಹೇಳಿದಳು. "ಹುಳ ಮೇಯೋ ಸದ್ದಿಲ್ಲ ಕಣಮ್ಮ."

ನಾನು ಪರದೆಯ ಕಡೆ ನೋಡಿದೆ. ಅದರ ಆಚೆ ಹುಳ ಸಾಕುವ ಖಾಲಿ ತಟ್ಟೆಗಳು ಸ್ಟ್ಯಾಂಡಿನಲ್ಲಿ ಹಾಗೆಯೇ ಇದ್ದವು.

ಹಬ್ಬ ಕಳೆದು ಚಿಕ್ಕತಾತ ಬಂದಾಗ ನಾನು ಅಂಗಳದಲ್ಲಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ತೊಳೆದವು ಗೋಡೆಗೆ ಒರಗಿ ಒಣಗುತ್ತಿದ್ದವು. ಮಾತಿನಲ್ಲಿ ಹೇಳಲು ನನಗೆ ಧೈರ್ಯವಿರಲಿಲ್ಲ, ಅದಕ್ಕೇ ಅವರು ಬರುವ ದಿನವೇ ತೊಳೆಯಲು ಕೂತಿದ್ದೆ.

"ಏನತ್ತಿಗೆ ಇದು?"

"ಮರಿ ಹುಳ ತರ್ಸಕ್ಕೆ ಹೇಳಿದೀನಿ. ಸ್ವಲ್ಪಾನೇ."

"ಒಬ್ರೇನಾ?"

"ಶೋಭ ಇದಾಳೆ."

ಅವರು ಜಗಲಿಯ ಮೇಲೆ ಕೂತು ಒಣಗುತ್ತಿದ್ದ ತಟ್ಟೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, "ಇತ್ಲಾಗ್ ಕೊಡಿ, ಅಂಚು ಸರಿಯಾಗ್ ಉಜ್ಜಿಲ್ಲ ನೀವು," ಎಂದು ಬ್ರಷ್ಷು ಕಿತ್ತುಕೊಂಡರು.

ಆ ಬೆಳೆ ಚೆನ್ನಾಗಿ ಬಂತು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಗೂಡು ತೆಳ್ಳಗಿತ್ತು. ಆದರೆ ಹುಳ ಕೊನೆಯ ಜ್ವರ ಬಿಟ್ಟೆದ್ದು ಮೇಯತೊಡಗಿದ ದಿನ ಶೋಭ ಹೇಳದೆ ಕೇಳದೆ ಡಬ್ಬ ಇಳಿಸಿ, ಸದ್ದು ಇಳಿಸಿ, ಕೂತಳು. ಅಗಲದ ಹಳ್ಳದ ನಡುವೆ ಬುಟ್ಟಿಯಣ್ಣ ಇನ್ನೇನು ಕೆಳಗಿಳಿಯುತ್ತಾನೆ ಎನ್ನುವಾಗ ಮತ್ತೊಮ್ಮೆ ಎಗರಿದ. ಆಚೆ ದಡ ಸೇರಿದ.

"ಎಲ್ಲಿಂದ ಎಗರಿದ?" ಎಂದು ನಾನು ಪಿಸುಗುಟ್ಟಿದೆ.

"ಗೊತ್ತಿಲ್ಲಮ್ಮ. ಆಗುತ್ತೆ." ಅವನನ್ನು ಮುಂದಿನ ಕಲ್ಲು ಹತ್ತಿಸುತ್ತ ಸೇರಿಸಿದಳು. "ಇದೂ ಪರ್ವಾಗಿಲ್ಲ."

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲವೂ ಹಳೆಯದೇ ಆದರೆ ಅದು ನಿನ್ನೆಯ ಸಾರು ಬಿಸಿ ಮಾಡಿದಂತೆ, ಅನು ಹೇಳಿದ್ದು ಸರಿ. ಎಲ್ಲವೂ ಹೊಸದಾದರೆ ಅವನನ್ನು ಬುಟ್ಟಿಯಣ್ಣ ಎಂದು ಯಾಕೆ ಕರೆಯಬೇಕು? ಎಗರುವುದು ಕೈಗೆ ಗುರುತಿರಬೇಕು, ಹಳ್ಳ ಮಾತ್ರ ಗುರುತಿರಬಾರದು. ಇಷ್ಟು ಬರೆದ ಮೇಲೆ ಅನುಮಾನ ಬರುತ್ತಿದೆ. ಶೋಭಳಿಗೆ ಬೇಕಾಗಿದ್ದ ಸದ್ದು ಆ ಕ್ಯಾಸೆಟ್ಟಿನಲ್ಲಿ ಯಾವತ್ತೂ ಇರಲೇ ಇಲ್ಲವಲ್ಲ. ಕ್ಯಾಸೆಟ್ಟು ಮಾಡುವವನು ಪರದೆಯ ಆಚೆಗಿನದನ್ನೂ ಹೇಗೆ ಮಾಡಿಕೊಟ್ಟಾನು? ಆಟ ಚೆನ್ನಾಗಿತ್ತೋ ಹುಳ ಚೆನ್ನಾಗಿದ್ದವೋ, ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಇವತ್ತು ಮಧ್ಯಾಹ್ನ ನಡೆದದ್ದು ನಿಮಗೇ ಗೊತ್ತು, ಆದರೂ ಬರೆದಿಡುತ್ತೇನೆ. ಕಾಲು ತೊಳೆದುಕೊಂಡು ಪರದೆಯ ಹತ್ತಿರ ಬನ್ನಿ, ಫೋನಿನ ಬಾಯಿ ಮುಚ್ಚಿಸಿ ಎಂದು ನಾನೇ ಕರೆದೆ. ಹುಳ ಭರ್ತಿ ಮೇವಿನಲ್ಲಿದ್ದವು. ತೇಜು ಫೋನನ್ನು ನನ್ನ ಕೈಗೆ ಕೊಟ್ಟು, "ಎರಡು ಸಲ ಒತ್ತು ಅಜ್ಜಿ, ಮೇಲೆ ಹೋದ್ಮೇಲೆ ಇನ್ನೊಂದ್ಸಲ," ಎಂದ. ಇಷ್ಟು ವರ್ಷದಲ್ಲಿ ನಾನು ಯಾವ ಆಟವನ್ನೂ ಕೈಯಲ್ಲಿ ಹಿಡಿದವಳೇ ಅಲ್ಲ. ಬಿದ್ದೆ. ಮತ್ತೆ ಬಿದ್ದೆ. ಅನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು, ಥೇಟ್ ಅವಳಮ್ಮನ ಹಾಗೆ. ಆಗ ನನ್ನ ಬಾಯಿಂದ ತಾನಾಗಿ ಬಂತು.

"ದೂಕ್ರಾ ನಾಯನಾ."

"ಯಾರ್ ಜೊತೆ ಮಾತಾಡ್ತಿದೀಯ ಅಜ್ಜಿ?" ಎಂದು ತೇಜು ಕೇಳಿದ. "ಇವನ ಜೊತೆ," ಎಂದು ನಾನು ಫೋನು ತೋರಿಸಿದೆ. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆ.